ಹೊಳಪಿಗೆ ಮರುಳಾಗಬೇಡಿ, ಗಸಿಗೆ ಹೆದರಬೇಡಿ

ಬಿಳಿ ವೈನ್ ಬಾಟಲಿಯ ತಳದಲ್ಲಿ ಸಣ್ಣ ಹರಳುಗಳು ಕಂಡರೆ ನಮ್ಮ ಜನಕ್ಕೆ ಬರುವ ಅನುಮಾನ ಎರಡೇ: ಗಾಜಿನ ಪುಡಿ ಬಿದ್ದಿದೆ, ಇಲ್ಲವೇ ಸಕ್ಕರೆ ಕಲಬೆರಕೆ ಮಾಡಿದ್ದಾರೆ. ನಂದಿ ಬೆಟ್ಟದ ತಪ್ಪಲಿನ ವೈನರಿಯೊಂದರ ಪ್ರಯೋಗಾಲಯದಲ್ಲಿ ಹಲವು ವರ್ಷ ಕೆಲಸ ಮಾಡಿದ ನನಗೆ ಫೋನಿನಲ್ಲಿ ಅತಿ ಹೆಚ್ಚು ಬೈಗುಳ ತಂದುಕೊಟ್ಟದ್ದು ಈ ಹರಳುಗಳೇ. ಹುಳಿತ ವೈನಿನ ಬಗ್ಗೆ ದೂರು ಬಂದದ್ದು ಕಡಿಮೆ. ಅಂಗಡಿಯ ಕಪಾಟಿನಲ್ಲಿ ಬಿಸಿಲಿಗೆ ಬೆಂದು ಸತ್ತ ವೈನಿನ ಬಗ್ಗೆ ಬಂದದ್ದು ಇನ್ನೂ ಕಡಿಮೆ. ಕಣ್ಣಿಗೆ ಕಂಡದ್ದಕ್ಕೆ ಮಾತ್ರ ಸಿಟ್ಟು. ಅಂಗಡಿಯವರು ಪೆಟ್ಟಿಗೆಗಟ್ಟಲೆ ವಾಪಸ್ ಕಳಿಸುತ್ತಿದ್ದರು. ಮಾರಾಟ ವಿಭಾಗದವರು ಲ್ಯಾಬಿಗೆ ಬಂದು, "ಮೇಡಂ, ಮುಂದಿನ ಬ್ಯಾಚು ಪಳಪಳ ಅನ್ನಬೇಕು" ಎಂದು ಹೇಳಿ ಹೋಗುತ್ತಿದ್ದರು.

ನನ್ನ ವಾದ ಸರಳ. ವೈನನ್ನು ಕುಡಿಯುವ ಮೊದಲು ಕಣ್ತುಂಬ ನೋಡಬೇಕು, ಸರಿ. ಆದರೆ ಕಣ್ಣು ಏನು ಹೇಳಬಲ್ಲದು, ಏನು ಹೇಳಲಾರದು ಎಂಬುದೂ ಗೊತ್ತಿರಬೇಕು. ತಿಳಿಯಾಗಿರುವುದೆಲ್ಲ ಶುದ್ಧವಲ್ಲ, ಗಸಿ ಇರುವುದೆಲ್ಲ ಕೆಟ್ಟದ್ದೂ ಅಲ್ಲ. ಹೊಳಪೇ ಬೇಕು ಎಂಬ ನಮ್ಮ ಹಠಕ್ಕೆ ತೆರುವ ಬೆಲೆ ಮಾತ್ರ ಲೇಬಲ್ಲಿನ ಮೇಲೆ ಎಲ್ಲೂ ಕಾಣುವುದಿಲ್ಲ.

ಕುಡಿಯದವರನ್ನು ಕುಡಿಯಲು ಒಪ್ಪಿಸುವ ಬರಹ ಇದಲ್ಲ. ನನ್ನ ತಾಯಿ ಇವತ್ತಿಗೂ ನೆಂಟರ ಮುಂದೆ "ಮಗಳು ಹಣ್ಣಿನ ರಸದ ಫ್ಯಾಕ್ಟರಿಯಲ್ಲಿದ್ದಳು" ಎಂದೇ ಹೇಳುತ್ತಾರೆ, ನಾನೂ ತಿದ್ದಲು ಹೋಗಿಲ್ಲ. ಆದರೆ ನಮ್ಮ ರಾಜ್ಯದಲ್ಲಿ ದ್ರಾಕ್ಷಿ ಬೆಳೆಯುವವರಿದ್ದಾರೆ, ವೈನ್ ಮಾಡುವವರಿದ್ದಾರೆ, ದುಡ್ಡು ಕೊಟ್ಟು ಕೊಳ್ಳುವವರಿದ್ದಾರೆ. ಕೊಳ್ಳುವವರಿಗೆ ತಾವು ಏನನ್ನು ನೋಡುತ್ತಿದ್ದೇವೆ ಎಂಬುದಾದರೂ ತಿಳಿದಿರಬೇಕಲ್ಲ?

ಮೊದಲು ಆ ಹರಳಿನ ವಿಷಯ. ದ್ರಾಕ್ಷಿಯ ಹುಳಿಗೆ ಮುಖ್ಯ ಕಾರಣ ಟಾರ್ಟಾರಿಕ್ ಆಮ್ಲ. ಹೆಚ್ಚಿನ ಹಣ್ಣುಗಳಲ್ಲಿ ಇದು ಇಷ್ಟು ಪ್ರಮಾಣದಲ್ಲಿ ಸಿಗುವುದಿಲ್ಲ. ನಾವು ಸಾರಿಗೆ ಕಿವುಚಿ ಹಾಕುವ ಹುಣಸೆಹಣ್ಣಿನ ಹುಳಿಯೂ ಬಹುಪಾಲು ಇದೇ. ದ್ರಾಕ್ಷಿಯಲ್ಲಿ ಪೊಟ್ಯಾಸಿಯಂ ಕೂಡ ಧಾರಾಳ. ಎರಡೂ ಸೇರಿದರೆ ಪೊಟ್ಯಾಸಿಯಂ ಬೈಟಾರ್ಟ್ರೇಟ್ ಎಂಬ ಲವಣವಾಗುತ್ತದೆ. ರಸ ಹುದುಗಿ ಆಲ್ಕೋಹಾಲ್ ಏರಿದಂತೆ ಈ ಲವಣ ಕರಗಿ ನಿಲ್ಲುವುದು ಕಷ್ಟ, ಫ್ರಿಜ್ಜಿನಲ್ಲಿಟ್ಟರೆ ಇನ್ನೂ ಕಷ್ಟ. ಕರಗಿ ನಿಲ್ಲಲಾಗದ ಪಾಲು ಹರಳುಗಟ್ಟಿ ತಳಕ್ಕೆ ಕೂರುತ್ತದೆ. ಬೇಕರಿಯವರು ಕ್ರೀಮ್ ಆಫ್ ಟಾರ್ಟರ್ ಎಂದು ಡಬ್ಬಿಯಲ್ಲಿ ಕೊಳ್ಳುವುದು ಇದನ್ನೇ. ಗಾಜಿನ ಅನುಮಾನ ಇದ್ದವರು ಒಂದೆರಡು ಹರಳನ್ನು ಕುದಿಯುವ ನೀರಿಗೆ ಹಾಕಿ ನೋಡಲಿ. ಹರಳು ಕರಗುತ್ತದೆ, ಗಾಜು ಕರಗುವುದಿಲ್ಲ.

ಈ ಹರಳಿನ ಕುಲಕ್ಕೆ ದೊಡ್ಡ ಚರಿತ್ರೆಯೇ ಇದೆ. ವೈನಿನ ಗಸಿಯಿಂದ ಸಿಗುವ ಆಮ್ಲದ ಒಂದು ಲವಣವನ್ನು 1848ರಲ್ಲಿ ಪ್ಯಾರಿಸ್ಸಿನಲ್ಲಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ ಇಪ್ಪತ್ತೈದರ ಯುವಕ ಲೂಯಿ ಪಾಸ್ಚರ್, ಹರಳುಗಳು ಎಡಗೈ ಬಲಗೈಗಳ ಹಾಗೆ ಎರಡು ಬಗೆಯಲ್ಲಿರುವುದನ್ನು ಕಂಡ. ಚಿಮಟದಲ್ಲಿ ಒಂದೊಂದಾಗಿ ಆರಿಸಿ ಬೇರೆ ಮಾಡಿದ. ಅಣುಗಳಿಗೂ ಎಡ ಬಲ ಉಂಟು ಎಂಬ ತಿಳಿವಳಿಕೆ ರಸಾಯನಶಾಸ್ತ್ರಕ್ಕೆ ಸಿಕ್ಕಿದ್ದು ಹೀಗೆ. ಇಂದು ಔಷಧ ತಯಾರಿಸುವ ಯಾವ ಕಂಪನಿಯೂ ಅದನ್ನು ಮರೆತು ಕೆಲಸ ಮಾಡುವಂತಿಲ್ಲ. ಆ ಲವಣ ಹೀಗೆ ಎರಡು ಬಗೆಯಾಗಿ ಒಡೆದು ಹರಳುಗಟ್ಟುವುದು ಸುಮಾರು 28 ಡಿಗ್ರಿಗಿಂತ ತಂಪಿದ್ದಾಗ ಮಾತ್ರ. ಪಾಸ್ಚರ್ ಕಲಬುರಗಿಯ ಮೇ ತಿಂಗಳಲ್ಲಿ ಕೂತು ಪ್ರಯೋಗ ಮಾಡಿದ್ದರೆ ಕೈಗೆ ಏನೂ ಸಿಗುತ್ತಿರಲಿಲ್ಲ.

ಗ್ರಾಹಕರಿಗೆ ಹರಳು ಬೇಡವಲ್ಲ, ಅದಕ್ಕೆ ವೈನರಿ ಏನು ಮಾಡುತ್ತದೆ? ಬಾಟಲಿಯಲ್ಲಿ ಆಗುವುದನ್ನು ಮೊದಲೇ ಟ್ಯಾಂಕಿನಲ್ಲಿ ಆಗಿಸುತ್ತದೆ. ಇಡೀ ಟ್ಯಾಂಕನ್ನು ಮೈನಸ್ 4 ಡಿಗ್ರಿಯ ಆಸುಪಾಸಿಗೆ ಇಳಿಸಿ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಹಿಡಿದಿಡುತ್ತದೆ. ನಮ್ಮಲ್ಲಿ ದ್ರಾಕ್ಷಿ ಕೊಯ್ಲಾಗುವುದು ಬೇಸಿಗೆಯ ಬಾಗಿಲಲ್ಲಿ. ಹೊರಗೆ ಚಿಕ್ಕಬಳ್ಳಾಪುರದ ಏಪ್ರಿಲ್ ಬಿಸಿಲು, ಒಳಗೆ ಉಕ್ಕಿನ ಟ್ಯಾಂಕಿನ ಮೈಮೇಲೆ ಬೆರಳು ದಪ್ಪದ ಮಂಜುಗಡ್ಡೆ, ಹಗಲು ರಾತ್ರಿ ಗುಂಯ್‌ಗುಡುವ ಚಿಲ್ಲರ್ ಯಂತ್ರ. ಆ ಕರೆಂಟ್ ಬಿಲ್ಲು ಕೊನೆಗೆ ಬಾಟಲಿಯ ಬೆಲೆಗೇ ಸೇರುತ್ತದೆ. ಜೊತೆಗೆ ಒಂದಿಷ್ಟು ಹುಳಿಯೂ ಹೋಗುತ್ತದೆ. ತಣ್ಣಗಿನ ವೈನು ಗಾಳಿಯ ಆಮ್ಲಜನಕವನ್ನು ಹೆಚ್ಚು ಹೀರುವುದರಿಂದ ಎಚ್ಚರ ತಪ್ಪಿದರೆ ಸುವಾಸನೆಯೂ ಮಂಕಾಗುತ್ತದೆ. ಯಾರಿಗೂ ತೊಂದರೆ ಕೊಡದ, ಬೇಡವಾದರೆ ಲೋಟಕ್ಕೆ ಬೀಳದಂತೆ ಬಗ್ಗಿಸಬಹುದಾದ ಹರಳಿಗಾಗಿ ಇಷ್ಟೆಲ್ಲ.

ಎರಡನೆಯದು ಬಗ್ಗಡ. ರೈತರು ಟ್ರ್ಯಾಕ್ಟರಿನಲ್ಲಿ ತಂದ ದ್ರಾಕ್ಷಿಯನ್ನು ಹಿಂಡಿದಾಗ ಬರುವ ರಸ ಥೇಟ್ ಕೆರೆಯ ಹೊಸ ನೀರಿನ ಬಣ್ಣ. "ಇದ್ರಾಗೆ ವೈನ್ ಹೆಂಗಾಯ್ತದೆ ಮೇಡಂ?" ಎಂದು ಕೇಳಿದ ರೈತರಿದ್ದಾರೆ. ಒಂದು ರಾತ್ರಿ ತಣ್ಣಗೆ ಬಿಟ್ಟರೆ ತಿರುಳು ಸಿಪ್ಪೆ ಕೆಳಗಿಳಿದು ತಿಳಿ ಮೇಲೆ ನಿಲ್ಲುತ್ತದೆ. ಅದನ್ನು ಬಸಿದು ಹುದುಗಲು ಬಿಡುತ್ತೇವೆ. ಹುದುಗಿದ ಮೇಲೆ ಸತ್ತ ಯೀಸ್ಟು ತಳ ಸೇರುತ್ತದೆ, ಮತ್ತೆ ಬಸಿಯುತ್ತೇವೆ. ತಿಂಗಳುಗಟ್ಟಲೆ ಕಾದರೆ ಬಹುಪಾಲು ವೈನ್ ತಾನೇ ತಿಳಿಯಾಗುತ್ತದೆ. ಕಾಯುವ ತಾಳ್ಮೆ ವ್ಯಾಪಾರಕ್ಕಿಲ್ಲ, ಅಷ್ಟೆ.

ಆದರೆ ಕಾದರೂ ಇಳಿಯದ ಒಂದು ವಸ್ತುವಿದೆ. ದ್ರಾಕ್ಷಿ ಬೂಷ್ಟಿನ ವಿರುದ್ಧ ತನ್ನನ್ನು ಕಾಪಾಡಿಕೊಳ್ಳಲು ಮಾಡಿಕೊಳ್ಳುವ ಕೆಲವು ಪ್ರೋಟೀನುಗಳು ಬಿಳಿ ವೈನಿನಲ್ಲಿ ಕಾಣದಂತೆ ಕರಗಿರುತ್ತವೆ. ಬಾಟಲಿ ಬಿಸಿಯಾದಾಗ ಅವು ಮುರುಟಿ ಒಂದಕ್ಕೊಂದು ಅಂಟಿಕೊಂಡು ಮಸುಕು ಮಸುಕಾಗಿ ತೇಲುತ್ತವೆ. ಆರೋಗ್ಯಕ್ಕೆ ಅದರಿಂದ ಕೇಡಿಲ್ಲ. ಆದರೂ ಬಾಟಲಿಗೆ ತುಂಬುವ ಮೊದಲು ನಾನು ಮಾಡುತ್ತಿದ್ದ ಖಾಯಂ ಪರೀಕ್ಷೆ ಇದಕ್ಕೇ: ಸೋಸಿದ ಸ್ಯಾಂಪಲ್ಲನ್ನು 80 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸುವುದು, ಆರಿಸುವುದು, ಟರ್ಬಿಡಿಟಿ ಮೀಟರಿಗೆ ಹಾಕುವುದು. ಕಾಯಿಸುವ ಮೊದಲಿನ ಮತ್ತು ನಂತರದ ಅಳತೆಯ ನಡುವೆ 2 ಎನ್‌ಟಿಯುಗಿಂತ ಹೆಚ್ಚು ಅಂತರ ಬಂದರೆ ಟ್ಯಾಂಕಿಗೆ ಬೆಂಟೊನೈಟ್ ಹಾಕಬೇಕು. ಎನ್‌ಟಿಯು ಎಂದರೆ ದ್ರವ ಬೆಳಕನ್ನು ಎಷ್ಟು ಚದುರಿಸುತ್ತದೆ ಎಂಬುದರ ಅಳತೆ. ನಮ್ಮ ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಅಪೇಕ್ಷಿತ ಮಿತಿ 1 ಎನ್‌ಟಿಯು, ಬೇರೆ ನೀರಿಲ್ಲದ ಕಡೆ 5ರ ತನಕ ಒಪ್ಪಿಗೆ. ವೈನ್ ಬಾಟಲಿಯಿಂದ ಜನ ಕೇಳುತ್ತಿರುವ ಹೊಳಪು ಹಲವು ಊರುಗಳ ನಲ್ಲಿ ನೀರಿಗೂ ಇಲ್ಲ.

ಬೆಂಟೊನೈಟ್ ಎಂದರೆ ಒಂದು ಬಗೆಯ ಜೇಡಿಮಣ್ಣು. ನಮ್ಮ ದೇಶದಲ್ಲಿ ಗುಜರಾತಿನ ಕಛ್‌ನಲ್ಲಿ ಹೇರಳವಾಗಿ ಸಿಗುತ್ತದೆ. ಬಿಸಿನೀರಿನಲ್ಲಿ ನೆನೆಸಿ ಉಬ್ಬಿಸಿ ವೈನಿಗೆ ಕಲಕಿದರೆ ಅದರ ಋಣ ವಿದ್ಯುದಂಶ ಪ್ರೋಟೀನಿನ ಧನ ವಿದ್ಯುದಂಶವನ್ನು ಸೆಳೆದುಕೊಳ್ಳುತ್ತದೆ, ಎರಡೂ ಜೊತೆಯಾಗಿ ತಳ ಸೇರುತ್ತವೆ. ಹಿಂದೆ ನಮ್ಮ ಹಳ್ಳಿಗಳಲ್ಲಿ ಚಿಲ್ಲದ ಬೀಜವನ್ನು ಮಡಕೆಯ ಒಳಮೈಗೆ ತೇಯ್ದು ಬಗ್ಗಡದ ನೀರನ್ನು ತಿಳಿ ಮಾಡುತ್ತಿದ್ದರಲ್ಲ, ಕೆಲಸ ಅದೇ ಜಾತಿಯದು. ಆದರೆ ಈ ಮಣ್ಣಿಗೆ ಬೇಕಾದ್ದು ಬೇಡವಾದ್ದು ಎಂಬ ವಿವೇಚನೆ ಇಲ್ಲ. ಪ್ರಮಾಣ ಜಾಸ್ತಿಯಾದರೆ ಸುವಾಸನೆಯನ್ನೂ ಎಳೆದುಕೊಂಡು ಹೋಗುತ್ತದೆ. ಹೊಳಪಿನ ಆಸೆಗೆ ಬೋಳಾದ ವೈನುಗಳನ್ನು ನಾನು ಕಂಡಿದ್ದೇನೆ: ನೋಡಲು ವಜ್ರ, ಮೂಗಿಗೆ ಬರೀ ನೀರು.

ಮೂರನೆಯದು ಕೆಂಪು ವೈನಿನ ಗಸಿ. ಬಹುತೇಕ ಕಪ್ಪು ದ್ರಾಕ್ಷಿಯ ರಸಕ್ಕೆ ಬಣ್ಣವಿಲ್ಲ, ಬಣ್ಣವೆಲ್ಲ ಸಿಪ್ಪೆಯಲ್ಲಿರುತ್ತದೆ. ಸಿಪ್ಪೆಯಿಂದ ಬಂದ ಬಣ್ಣ ಮತ್ತು ಒಗರು ವರ್ಷಗಳು ಕಳೆದಂತೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಭಾರವಾಗಿ ಕೆಳಗೆ ಕೂರುತ್ತವೆ. ಅದಕ್ಕೇ ಹಳೆಯ ಕೆಂಪು ವೈನು ತೆಳುವಾಗಿ ಇಟ್ಟಿಗೆ ಬಣ್ಣಕ್ಕೆ ತಿರುಗುವುದು, ಬಿಳಿ ವೈನು ಮಾತ್ರ ವಯಸ್ಸಾದಂತೆ ಗಾಢವಾಗುವುದು. ಹಳೆಯ ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಮರುದಿನ ಅಲುಗಿಸದೆ ಬಗ್ಗಿಸಿ, ಕೊನೆಯ ಎರಡು ಬೆರಳಿನಷ್ಟನ್ನು ಬಾಟಲಿಯಲ್ಲೇ ಬಿಟ್ಟರೆ ಮುಗಿಯಿತು.

ಹಾಗಾದರೆ ಕಣ್ಣಿಗೆ ಬಿದ್ದ ಯಾವುದಕ್ಕೆ ಹೆದರಬೇಕು? ಹೆದರಬೇಕಾದ್ದು ಇದೆ. ಗುಳ್ಳೆ ಇರಬಾರದ ವೈನಿನಲ್ಲಿ ಗುಳ್ಳೆ ಏಳುತ್ತಿದ್ದು, ಜೊತೆಗೆ ಬಗ್ಗಡವೂ ಇದ್ದರೆ ಬಾಟಲಿಯೊಳಗೆ ಮತ್ತೆ ಹುದುಗು ಶುರುವಾಗಿದೆ ಎಂದರ್ಥ. ಈಚಿನ ವರ್ಷದ ಬಿಳಿ ವೈನು ಕಂದು ಬಣ್ಣಕ್ಕೆ ತಿರುಗಿದ್ದರೆ ಗಾಳಿಯೋ ಬಿಸಿಯೋ ತಗುಲಿ ಹಾಳಾಗಿದೆ. ಬಿರಡೆ ಮೇಲಕ್ಕೆ ಉಬ್ಬಿದ್ದರೆ, ಕತ್ತಿನ ಬಳಿ ವೈನು ಸೋರಿದ ಕಲೆ ಇದ್ದರೆ ಬಾಟಲಿ ಎಲ್ಲೋ ಬಿಸಿಯಲ್ಲಿ ಬೆಂದಿದೆ. ಇಂಥದ್ದನ್ನು ನಿಸ್ಸಂಕೋಚವಾಗಿ ವಾಪಸ್ ಕೊಡಿ. ನೋಡುವ ಕ್ರಮವೂ ಸುಲಭ. ಹಗಲು ಬೆಳಕಿನಲ್ಲಿ ಬಿಳಿ ಕಾಗದದ ಮೇಲೆ ಲೋಟವನ್ನು ಓರೆ ಹಿಡಿದು, ಮೊದಲು ನಡುವಿನ ಬಣ್ಣ, ಆಮೇಲೆ ಅಂಚಿನ ಬಣ್ಣ ನೋಡಬೇಕು. ಲೋಟದ ಗೋಡೆಯಿಂದ ಇಳಿಯುವ "ಕಣ್ಣೀರ ಹನಿ" ನೋಡಿ ಗುಣಮಟ್ಟ ಹೇಳುವವರ ಮಾತು ನಂಬಬೇಡಿ. ಆಲ್ಕೋಹಾಲ್ ಬೇಗ ಆರಿ ಮೇಲ್ಮೈ ಸೆಳೆತದಲ್ಲಿ ಏರುಪೇರಾಗುವುದರಿಂದ ಆ ಹನಿಗಳು ಹುಟ್ಟುತ್ತವೆ ಎಂದು ಜೇಮ್ಸ್ ಥಾಮ್ಸನ್ 1855ರಲ್ಲೇ ವಿವರಿಸಿದ್ದಾರೆ. ಲೋಟದ ಬಾಯಿ ಮುಚ್ಚಿದರೆ ಹನಿಯೂ ನಿಲ್ಲುತ್ತದೆ.

ಕಣ್ಣು ಎಷ್ಟು ಸುಲಭವಾಗಿ ನಾಲಿಗೆಯನ್ನು ಮೋಸ ಮಾಡುತ್ತದೆ ಎಂಬುದಕ್ಕೆ ಬೋರ್ಡೋದಲ್ಲಿ ನಡೆದ ಪ್ರಯೋಗ ಸಾಕ್ಷಿ. ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನ್ ಕೊಟ್ಟರು. ಕೆಂಪು ವೈನಿಗೆ ಬಳಸುವ ಪದಗಳಲ್ಲೇ ಅವರು ಅದನ್ನು ಬಣ್ಣಿಸಿದರು. ಮೊರೋ, ಬ್ರೋಶೆ ಮತ್ತು ದ್ಯುಬೂರ್ದ್ಯೂ ಅವರ ಈ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಅದನ್ನೇ ಕಲಿಯುತ್ತಿದ್ದವರ ಪಾಡು ಹೀಗಾದರೆ ನಮ್ಮ ನಿಮ್ಮ ಪಾಡೇನು?

ನಾಲಿಗೆ ಮೋಸಹೋದರೆ ದೊಡ್ಡ ನಷ್ಟವಿಲ್ಲ. ಜೀವಕ್ಕೆ ಮೋಸವಾದ ಉದಾಹರಣೆಗಳಿವೆ. 1985ರಲ್ಲಿ ಆಸ್ಟ್ರಿಯಾದ ಕೆಲವು ವೈನುಗಳಲ್ಲಿ ಡೈಎಥಿಲೀನ್ ಗ್ಲೈಕಾಲ್ ಪತ್ತೆಯಾಯಿತು. ತೆಳು ವೈನು ಸಿಹಿಯಾಗಿ ಮೈತುಂಬಿಕೊಂಡಂತೆ ಅನ್ನಿಸಲಿ ಎಂದು ಬೆರೆಸಿದ್ದ ವಿಷ ಅದು. ಮರುವರ್ಷ ಇಟಲಿಯಲ್ಲಿ ಮೆಥನಾಲ್ ಬೆರೆಸಿದ ಅಗ್ಗದ ವೈನ್ ಕುಡಿದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಎರಡೂ ವಿಷಗಳಿಗೆ ಬಣ್ಣವಿಲ್ಲ, ಎರಡೂ ವೈನನ್ನು ಬಗ್ಗಡ ಮಾಡುವುದಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಕಳ್ಳಬಟ್ಟಿಯಲ್ಲಿದ್ದದ್ದೂ ಇದೇ ಮೆಥನಾಲ್. ವಿಷವನ್ನು ಹಿಡಿಯುವುದು ಪ್ರಯೋಗಾಲಯ, ಲೈಸೆನ್ಸು, ತಪಾಸಣೆ. ಹೊಳಪನ್ನು ಶುದ್ಧತೆಯ ಸರ್ಟಿಫಿಕೇಟು ಎಂದುಕೊಂಡವರು ಇದನ್ನು ನೆನಪಿಡಬೇಕು.

ಈ ಹೊಳಪಿನ ಹುಚ್ಚು ಹಿಡಿಸಿದ್ದರಲ್ಲಿ ಫ್ರಾನ್ಸಿನ ಪಾಲು ದೊಡ್ಡದು. ಶಾಂಪೇನಿನ ಬಾಟಲಿಯೊಳಗೇ ಎರಡನೇ ಸಲ ಹುದುಗು ಬರಬೇಕು, ಸತ್ತ ಯೀಸ್ಟು ಅಲ್ಲೇ ಉಳಿದು ಬಗ್ಗಡವಾಗುತ್ತಿತ್ತು. 1805ರಲ್ಲಿ ಗಂಡನನ್ನು ಕಳೆದುಕೊಂಡು ವ್ಯಾಪಾರ ಹೊತ್ತ ಕ್ಲಿಕೋ ಎಂಬ ವಿಧವೆಯ ನೆಲಮಾಳಿಗೆಯಲ್ಲಿ ಸುಮಾರು 1816ರಲ್ಲಿ ಇದಕ್ಕೆ ಉಪಾಯ ಹೊಳೆಯಿತು. ತೂತು ಕೊರೆದ ಮರದ ಮೇಜಿಗೆ ಬಾಟಲಿಗಳನ್ನು ಬೋರಲು ಸಿಕ್ಕಿಸಿ ದಿನಾ ಒಂದಿಷ್ಟು ತಿರುಗಿಸುತ್ತ ಹೋದರೆ ಗಸಿಯೆಲ್ಲ ಕತ್ತಿಗೆ ಇಳಿಯುತ್ತದೆ, ಬಿರಡೆ ತೆಗೆದಾಗ ಒತ್ತಡಕ್ಕೆ ಹೊರಗೆ ಚಿಮ್ಮುತ್ತದೆ. ಯೂರೋಪಿನ ಶ್ರೀಮಂತರ ಮೇಜಿಗೆ ಬಂದ ಆ ನಿಚ್ಚಳ ಶಾಂಪೇನ್ ಎಲ್ಲ ವೈನಿಗೂ ಮಾದರಿಯಾಯಿತು. ಬೋರ್ಡೋದವರದ್ದು ಇನ್ನೊಂದು ದಾರಿ: 225 ಲೀಟರಿನ ಪೀಪಾಯಿಗೆ ಮೂರರಿಂದ ಆರು ಮೊಟ್ಟೆಯ ಬಿಳಿ ಕಲಕಿ ಹಾಕುವುದು. ಅದು ಒರಟು ಒಗರನ್ನು ಹಿಡಿದುಕೊಂಡು ಕೆಳಗಿಳಿಯುತ್ತದೆ. ಹಾಲಿನ ಕೇಸೀನ್, ಪ್ರಾಣಿಗಳ ಜೆಲಾಟಿನ್, ಮೀನಿನ ಗಾಳಿಚೀಲದಿಂದ ತೆಗೆದ ಅಂಟು, ಇವೆಲ್ಲ ಇದೇ ಕೆಲಸಕ್ಕೆ ಬಳಕೆಯಲ್ಲಿವೆ.

ನನ್ನ ನಿಜವಾದ ತಕರಾರು ಇರುವುದು ಇಲ್ಲಿ. ನಮ್ಮ ಮನೆಯ ಮದುವೆಯೊಂದರಲ್ಲಿ ಅತ್ತಿಗೆಯ ತಮ್ಮ ಮೆಲ್ಲಗೆ ಕೇಳಿದ: "ಅಕ್ಕಾ, ವೈನಿಗೆ ಮೊಟ್ಟೆ ಹಾಕ್ತಾರಂತೆ, ಹೌದಾ?" ಅವನು ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವನು, ವಾರಕ್ಕೊಮ್ಮೆ ವೈನ್ ಕುಡಿಯುವವನು. "ಕೆಲವರು ಹಾಕ್ತಾರೆ, ಎಲ್ಲರೂ ಅಲ್ಲ" ಎಂದೆ. "ಯಾರು ಹಾಕ್ತಾರೆ ಅಂತ ತಿಳಿಯೋದು ಹೆಂಗೆ?" ಅದಕ್ಕೆ ಬಾಟಲಿಯಲ್ಲಿ ಉತ್ತರವಿಲ್ಲ. ಬಿಸ್ಕತ್ತಿನ ಪೊಟ್ಟಣದ ಮೇಲೂ ಹಸಿರು ಚುಕ್ಕಿ ಕಡ್ಡಾಯವಾಗಿರುವ ದೇಶದಲ್ಲಿ ಆ ನಿಯಮದಿಂದ ಮದ್ಯಕ್ಕೆ ವಿನಾಯಿತಿ. ಯೂರೋಪಿನಲ್ಲಿ 2012ರಿಂದ, ತಿಳಿ ಮಾಡಲು ಬಳಸಿದ ಮೊಟ್ಟೆ ಅಥವಾ ಹಾಲಿನ ಅಂಶ ವೈನಿನಲ್ಲಿ ಪತ್ತೆಯಾಗುವಷ್ಟಿದ್ದರೆ ಲೇಬಲ್ಲಿನಲ್ಲಿ ಹೇಳಲೇಬೇಕು. ಮೀನಿನ ಅಂಟಿಗೆ ಅಲ್ಲೂ ವಿನಾಯಿತಿ ಇದೆ ಎನ್ನುವುದು ಬೇರೆ ಮಾತು. ಗಸಿಯ ಜೊತೆ ಮೊಟ್ಟೆಯೂ ತಳ ಸೇರಿ ಹೋಗುತ್ತದೆ, ಉಳಿಯುವುದು ನಗಣ್ಯ ಎಂದು ತಯಾರಕರು ಹೇಳುತ್ತಾರೆ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಅದು ಸರಿ. ಆದರೆ ಊಟದ ವ್ರತ ಪ್ರಯೋಗಾಲಯದ ಲೆಕ್ಕದಲ್ಲಿ ನಡೆಯುವುದಿಲ್ಲ. ಬಿಡುವುದೋ ಕುಡಿಯುವುದೋ ಅವರವರ ಇಷ್ಟ, ತಿಳಿಸುವುದು ಮಾರುವವರ ಕರ್ತವ್ಯ.

ಇದಕ್ಕೆ ವಿರುದ್ಧ ದಿಕ್ಕಿನ ಹುಚ್ಚೂ ಈಗ ಬಂದಿದೆ. ಏನನ್ನೂ ಸೋಸದ, ಬೇಕೆಂದೇ ಬಗ್ಗಡವಾಗಿ ಬಿಟ್ಟ "ಸಹಜ ವೈನ್" ಮಾತ್ರ ಪ್ರಾಮಾಣಿಕ ಎನ್ನುವವರಿದ್ದಾರೆ. ಅವರು ಬೆರಳು ತೋರಿಸುವುದು ಜಾರ್ಜಿಯಾ ದೇಶದ ಕಡೆಗೆ. ಅಲ್ಲಿ ನೆಲದಲ್ಲಿ ಹೂತ ಕ್ವೆವ್ರಿ ಎಂಬ ಮಣ್ಣಿನ ಹಂಡೆಯಲ್ಲಿ ಸಿಪ್ಪೆ ಬೀಜದ ಸಮೇತ ವೈನ್ ಮಾಡುತ್ತಾರೆ. ಯುನೆಸ್ಕೊ 2013ರಲ್ಲಿ ಆ ಪದ್ಧತಿಯನ್ನು ಮಾನವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಆದರೆ ಅಲ್ಲಿಯೂ ತಿಂಗಳುಗಟ್ಟಲೆ ಕಾಯುತ್ತಾರೆ, ಗಸಿ ಮೊನಚು ತಳಕ್ಕೆ ಇಳಿಯುತ್ತದೆ, ತಿಳಿಯನ್ನೇ ಮೊಗೆದುಕೊಳ್ಳುತ್ತಾರೆ. ಬಗ್ಗಡವನ್ನು ಸದ್ಗುಣ ಮಾಡಿಕೊಂಡರೆ ಕೊಳಕು ಟ್ಯಾಂಕು, ಅರೆಬೆಂದ ಕೆಲಸ ಎಲ್ಲ ಅದರ ಹಿಂದೆ ಅಡಗಬಹುದು. ಲ್ಯಾಬಿನಲ್ಲಿ ಕೂತವಳಾಗಿ ಅದಕ್ಕೆ ನನ್ನ ಒಪ್ಪಿಗೆಯಿಲ್ಲ.

ಆದ್ದರಿಂದ ಮೂವರಿಗೆ ನನ್ನ ಮೂರು ಮಾತು. ಅಂಗಡಿಯವರಿಗೆ: "ವೈನ್ಸ್" ಎಂದು ದೊಡ್ಡ ಬೋರ್ಡು ಹಾಕಿ, ಇರುವ ನಾಲ್ಕು ವೈನ್ ಬಾಟಲಿಗಳನ್ನು ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ನಿಲ್ಲಿಸಬೇಡಿ. ವೈನರಿ ಎಷ್ಟೇ ತಿಳಿ ಮಾಡಿ ಕಳಿಸಲಿ, ನಿಮ್ಮ ಏಪ್ರಿಲ್ ಅದನ್ನು ಕೆಡಿಸುತ್ತದೆ. ಸರ್ಕಾರಕ್ಕೆ: 2007ರಲ್ಲಿ ವೈನ್ ನೀತಿ ತಂದು ದ್ರಾಕ್ಷಾರಸ ಮಂಡಳಿ ಕಟ್ಟಿದ ರಾಜ್ಯ ನಮ್ಮದು. ಮಂಡಳಿಯ ಮೇಳಗಳಲ್ಲಿ ರುಚಿ ತೋರಿಸುವ ಜೊತೆಗೆ ಹರಳು, ಗಸಿ, ಬಗ್ಗಡ ಇರುವ ಬಾಟಲಿಗಳನ್ನೂ ಇಟ್ಟು ಯಾವುದು ಸಹಜ, ಯಾವುದು ಕೆಟ್ಟದ್ದು ಎಂದು ಜನರಿಗೆ ತೋರಿಸಲಿ.

ವೈನರಿಗಳಿಗೆ: ಯಾವುದರಿಂದ ತಿಳಿ ಮಾಡಿದಿರಿ, ಮಣ್ಣಿನಿಂದಲೋ ಮೊಟ್ಟೆಯಿಂದಲೋ ಮೀನಿನಿಂದಲೋ, ಹಿಂಬದಿಯ ಲೇಬಲ್ಲಿನಲ್ಲಿ ಒಂದು ಸಾಲು ಬರೆಯಿರಿ. ತಳದಲ್ಲಿ ಹರಳು ಕೂರಬಹುದು, ಅದು ದ್ರಾಕ್ಷಿಯದೇ ಎಂದು ಇನ್ನೊಂದು ಸಾಲು ಸೇರಿಸಿ. ಎರಡು ಸಾಲಿನ ಖರ್ಚು ಒಂದು ತೊಟ್ಟು ಶಾಯಿ. ಕಾನೂನು ಬರುವ ತನಕ ಕಾಯದೆ ನೀವೇ ಬರೆದರೆ ಒಳ್ಳೆಯದು. ಬರೆಯದಿದ್ದರೆ ಕೊಳ್ಳುವವರು ಕೇಳಬೇಕು. ಕೇಳಿದ ಮೇಲೂ ಉತ್ತರ ಕೊಡದ ಬಾಟಲಿಯನ್ನು, ಅದು ಎಷ್ಟೇ ಹೊಳೆಯುತ್ತಿರಲಿ, ಕೊಳ್ಳಬೇಡಿ.